ಹೆಸರು ಕದ್ದ ಕುಂಬಳಕಾಯಿ

"ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ" ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ತಪ್ಪು ಮಾಡಿದವನು ತಾನಾಗಿಯೇ ಬಯಲಿಗೆ ಬೀಳುವ ಸಂದರ್ಭ ಬಂದಾಗಲೆಲ್ಲ ಈ ಮಾತು ನಾಲಗೆಯ ತುದಿಗೆ ಬಂದು ನಿಲ್ಲುತ್ತದೆ. ಆದರೆ ಆ ಕಳ್ಳ ಹೆಗಲನ್ನೇ ಏಕೆ ಮುಟ್ಟಿಕೊಂಡ, ಕೈಯನ್ನೇಕೆ ನೋಡಿಕೊಳ್ಳಲಿಲ್ಲ ಎಂದು ಕೇಳಿದವರು ಕಡಿಮೆ. ಉತ್ತರವೇನೋ ಸುಲಭ. ಬಲಿತ ಕುಂಬಳಕಾಯಿಯ ಮೈಮೇಲೆ ವಿಭೂತಿ ಬಳಿದಂತೆ ಬಿಳಿಯ ಬೂದಿ ಇರುತ್ತದೆ. ಹೊತ್ತು ತಂದವನ ಹೆಗಲಿಗೆ ಅದು ಮೆತ್ತಿಕೊಳ್ಳುತ್ತದೆ. ಬೇರೆ ಸಾಕ್ಷಿ ಬೇಕಾಗಿಲ್ಲ.

ಈಗ ನಮ್ಮ ರೋಣ, ನರಗುಂದ, ಗಜೇಂದ್ರಗಡದ ಸಂತೆಗಳಲ್ಲಿ ಯಾವಾಕೆಯ ಮುಂದಾದರೂ ಕುಳಿತು "ಕುಂಬಳಕಾಯಿ ಕೊಡವ್ವಾ" ಎಂದು ಕೇಳಿ ನೋಡಿ. ಆಕೆ ನಿಮ್ಮ ಕೈಗೆ ಕೊಡುವುದು ಬೂದಿ ಬಳಿದ ಕಾಯಿಯನ್ನಲ್ಲ. ಕಂದು ಹಳದಿ ಮೈಯ, ಏಣು ಏಣಾದ, ಕೊಯ್ದರೆ ಒಳಗೆ ಅರಿಷಿಣ ಕುಂಕುಮ ಕಲಸಿದಂಥ ಬಣ್ಣವಿರುವ ಸಿಹಿಯ ಕಾಯಿಯನ್ನು. ಇಂಥದೊಂದನ್ನು ಹೊತ್ತು ಹರದಾರಿ ದೂರ ನಡೆದರೂ ಹೆಗಲಿಗೆ ಬೆವರಲ್ಲದೆ ಬೇರೇನೂ ಅಂಟುವುದಿಲ್ಲ. ಇದನ್ನು ಕದ್ದವನು ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದ ಕಾರಣವೇ ಇಲ್ಲ. ಅಂದರೆ ಗಾದೆ ಹುಟ್ಟಿದಾಗಿನ ಕುಂಬಳ ಬೇರೆ, ನಾವು ಇಂದು ಬಾಯಿತುಂಬ ಕುಂಬಳವೆಂದು ಕರೆಯುವುದು ಬೇರೆ. ಗಾದೆಯ ಕಳ್ಳನ ವಿಚಾರ ಹಾಗಿರಲಿ. ಇಲ್ಲಿ ಕುಂಬಳಕಾಯಿಯೇ ಒಂದು ಕಳವು ಮಾಡಿದೆ. ಕದ್ದದ್ದು ಹೆಸರನ್ನು.

ಹೆಸರಿನ ಮೂಲ ಒಡೆಯ ಬೂದಗುಂಬಳ. ಸಂಸ್ಕೃತದ ಕೂಷ್ಮಾಂಡ ಅದೇ. ಆಯುರ್ವೇದದ ಹಳೆಯ ಗ್ರಂಥಗಳಿಗೂ ಪೂಜೆಯ ಬಲಿಗೂ ಅದು ಬಹುಕಾಲದ ಪರಿಚಿತ. ೧೮೧೮ರಲ್ಲಿ ಸಾವಿ ಎಂಬ ಇಟಲಿಯ ಸಸ್ಯಪಂಡಿತ, ತನ್ನ ನಾಡಿನಲ್ಲಿ ಎರಡು ಮೂರು ಶತಮಾನಗಳ ಹಿಂದೆ ಆಗಿಹೋದ ಬೆನಿಂಕಾಸ ಎಂಬ ಗಣ್ಯನ ಸ್ಮರಣೆಗೆಂದು ನಮ್ಮ ಏಷ್ಯದ ಈ ಕಾಯಿಗೆ ಬೆನಿಂಕಾಸ ಎಂದೇ ಶಾಸ್ತ್ರೀಯ ನಾಮಕರಣ ಮಾಡಿದ. ನಾಮಕರಣದ ವಿಚಾರದಲ್ಲಿ ಬೂದಗುಂಬಳದ ಹಣೆಬರಹವೇ ನೆಟ್ಟಗಿಲ್ಲವೆಂದು ಕಾಣುತ್ತದೆ: ಮನೆಯಲ್ಲಿ ಹೆಸರು ಕಳೆದುಕೊಂಡಿತು, ಹೊರಗೆ ಬೇರೆಯವನ ಹೆಸರು ಹೊತ್ತಿತು.

ಸಿಹಿಗುಂಬಳದ ವಂಶ ಬೇರೆ, ಅದರ ತವರೂ ಬೇರೆ. ಶಾಸ್ತ್ರಜ್ಞರು ಕುಕುರ್ಬಿಟ ಎನ್ನುವ ಈ ವಂಶದಲ್ಲಿ ನಮ್ಮ ಹಿತ್ತಲಿಗೆ ಸಂಬಂಧಪಟ್ಟವು ಮುಖ್ಯವಾಗಿ ಮೂರು: ಮೊಶ್ಚಾಟ, ಮ್ಯಾಕ್ಸಿಮ, ಪೆಪೊ. ಇಂಗ್ಲಿಷರು ಇವುಗಳಲ್ಲೇ ಕೆಲವನ್ನು ಪಂಪ್ಕಿನ್ ಎನ್ನುತ್ತಾರೆ, ಕೆಲವನ್ನು ಸ್ಕ್ವಾಷ್ ಎನ್ನುತ್ತಾರೆ. ಆ ಭೇದ ಅಡಿಗೆಮನೆಯದೇ ಹೊರತು ಶಾಸ್ತ್ರದ್ದಲ್ಲ. ಸ್ಕ್ವಾಷ್ ಎಂಬ ಮಾತನ್ನು ಅವರು ಅಮೆರಿಕದ ಮೂಲನಿವಾಸಿಗಳಾದ ನಾರಗಾನ್ಸೆಟ್ ಜನರ ನುಡಿಯಿಂದ ಎತ್ತಿಕೊಂಡು, ತಲೆ ಕತ್ತರಿಸಿ, ತಮ್ಮದೆಂದರು. ಹೆಸರು ಕದಿಯುವ ಚಾಳಿ ಈ ಕಾಯಿಯ ಸುತ್ತ ಎಲ್ಲೆಲ್ಲಿಯೂ ಇದ್ದಂತಿದೆ.

ಇದರ ತವರು ಯಾವುದೆಂಬ ಬಗ್ಗೆ ಪಂಡಿತರಲ್ಲಿ ಬಹಳ ದಿನ ಜಗಳವಿತ್ತು. ಫ್ರಾನ್ಸಿನ ನೋದ್ಯಾಂ ಎಂಬಾತ ೧೮೫೬ರಲ್ಲಿ ಈ ಮೂರು ಜಾತಿಗಳ ಗೊಂದಲವನ್ನು ಬಿಡಿಸಿಟ್ಟ. ಬೆಳೆಗಳ ಮೂಲದ ಮೇಲೆ ಗ್ರಂಥ ಬರೆದ ಡಿ ಕ್ಯಾಂಡೋಲ್‌ನಂಥ ಮಹಾಪಂಡಿತ ಕೂಡ ೧೯ನೆಯ ಶತಮಾನದ ಕೊನೆಗೆ, ಮ್ಯಾಕ್ಸಿಮ ಜಾತಿ ಆಫ್ರಿಕದ್ದೆಂದು ತಿಳಿದಿದ್ದ. ಕೊನೆಗೆ ಜಗಳ ತೀರಿಸಿದ್ದು ಮಣ್ಣು. ಮೆಕ್ಸಿಕೋದ ಓಹಾಕ ಪ್ರಾಂತದಲ್ಲಿ ಗಿಲಾ ನಾಕಿಟ್ಸ್ ಎಂಬ ಒಂದು ಒಣ ಗವಿ ಇದೆ. ಅದನ್ನು ೧೯೬೬ರಲ್ಲಿ ಅಗೆದಾಗ ಪೆಪೊ ಜಾತಿಯ ಬೀಜಗಳೂ ಸಿಪ್ಪೆಯ ಚೂರುಗಳೂ ಸಿಕ್ಕವು. ಅವುಗಳಲ್ಲಿ ತೀರ ಹಳೆಯವು ಸುಮಾರು ೧೦,೦೦೦ ವರ್ಷದವು ಎಂದು ೧೯೯೭ರಲ್ಲಿ ಪ್ರಕಟವಾದ ಕಾಲನಿರ್ಣಯ ತೋರಿಸಿತು. ಮೆಕ್ಕೆಜೋಳ ಇನ್ನೂ ಹುಲ್ಲಾಗಿದ್ದ ಕಾಲದಲ್ಲಿಯೇ ಅಲ್ಲಿಯ ಜನ ಕುಂಬಳವನ್ನು ಒಕ್ಕಲುಮಾಡಿಕೊಂಡಿದ್ದರು. ಮುಂದೆ ಅವರು ಜೋಳದ ದಂಟು, ಅದಕ್ಕೆ ಸುತ್ತುವ ಅವರೆಜಾತಿಯ ಬಳ್ಳಿ, ಕೆಳಗೆ ನೆಲ ಮುಚ್ಚುವ ಕುಂಬಳ ಇವನ್ನು ಒಂದೇ ಗುಣಿಯ ಸುತ್ತ ಬೆಳೆದರು. ನಮ್ಮ ಒಕ್ಕಲಿಗರು ಜೋಳದ ಹೊಲದಲ್ಲಿ ಅಕ್ಕಡಿ ಇಕ್ಕುವುದನ್ನು ಕಂಡವರಿಗೆ ಈ ಜಾಣತನವನ್ನು ವಿವರಿಸಿ ಹೇಳಬೇಕಾಗಿಲ್ಲ.

ಇದರಿಂದ ಒಂದು ಮಾತು ಖಚಿತವಾಗುತ್ತದೆ. ಕೊಲಂಬಸ್ ೧೪೯೨ರಲ್ಲಿ ಅಮೆರಿಕ ಮುಟ್ಟುವ ಮೊದಲು ನಮ್ಮ ನಾಡಿನಲ್ಲಿ ಸಿಹಿಗುಂಬಳ ಇರಲಿಲ್ಲ. ರೋಣದ ಹತ್ತಿರದ ಸೂಡಿಯಲ್ಲಿ ನಿಂತು ಕಿಸುಕಾಡು ಎಪ್ಪತ್ತನ್ನು ಆಳಿದ ಅಕ್ಕಾದೇವಿಯ ಊಟದ ಎಲೆಯಲ್ಲಿ ಕುಂಬಳದ ಪಲ್ಯವಿದ್ದಿದ್ದರೆ ಅದು ಬೂದಗುಂಬಳದ ಪಲ್ಯ. ಆಕೆಯ ಸಹೋದರ ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿ ೧೦೨೫ರ ಹೊತ್ತಿಗೆ ಚಾವುಂಡರಾಯನು ಕನ್ನಡದಲ್ಲಿ 'ಲೋಕೋಪಕಾರ' ಬರೆದ. ಗಿಡಮರಗಳ ಆರೈಕೆಗೂ ಅಡಿಗೆಗೂ ಅದರಲ್ಲಿ ಸ್ಥಳವುಂಟು. ಆ ಕಾಲದ ಕನ್ನಡದಲ್ಲಿ ಎಲ್ಲಿ ಕುಂಬಳವೆಂಬ ಮಾತು ಎದುರಾದರೂ ನಾವು ಮನಸ್ಸಿನಲ್ಲಿ ಬೂದಿ ಬಳಿದ ಕಾಯಿಯನ್ನೇ ತಂದುಕೊಳ್ಳಬೇಕು. ಚಾಲುಕ್ಯರ ಮೇಲೆ ನಾಟಕವಾಡುವವರು, ಚಲಚ್ಚಿತ್ರ ತೆಗೆಯುವವರು ಅರಮನೆಯ ಅಡಿಗೆಮನೆಯ ಮೂಲೆಯಲ್ಲಿ ಕೆಂಪು ಕುಂಬಳದ ರಾಶಿ ಹಾಕದಿದ್ದರೆ ಒಳ್ಳೆಯದು. ಕಿರೀಟ ಮಾತ್ರ ಸರಿಯಾಗಿದ್ದರೆ ಸಾಲದು.

ಹಾಗಾದರೆ ಬಂದದ್ದು ಹೇಗೆ? ಹಡಗಿನ ಮೇಲೆ. ವಾಸ್ಕೋ ಡ ಗಾಮ ಕಲ್ಲೀಕೋಟೆಗೆ ಬಂದದ್ದು ೧೪೯೮ರಲ್ಲಿ, ಪೋರ್ತುಗೀಜರು ಗೋವೆ ಹಿಡಿದದ್ದು ೧೫೧೦ರಲ್ಲಿ. ಅವರ ಹಡಗಿನ ಜಾಲದ ಮೂಲಕ ಅಮೆರಿಕದ ಎಷ್ಟೋ ಬೆಳೆಗಳು ನಮ್ಮ ಪಡುಗಡಲ ದಂಡೆಗೆ ಇಳಿದವು. ಅವುಗಳಲ್ಲಿ ಹಲವು ತಮ್ಮ ಊರಿನ ಗುರುತನ್ನು ಹೆಸರಿನಲ್ಲಿಯೇ ಹೊತ್ತುಕೊಂಡಿವೆ. ನಮ್ಮ ಕಡೆಯ ಬಟಾಟಿ, ಪೇರಲ ಎಂಬ ಮಾತುಗಳನ್ನು ಬಿಡಿಸಿದರೆ ಒಳಗೆ ಪೋರ್ತುಗೀಜ ಸಿಗುತ್ತದೆ. ಸೀಮೆಬದನೆಗೆ 'ಸೀಮೆ' ಎಂಬ ಮುದ್ರೆ ಬಿದ್ದಿದೆ. ಮೆಕ್ಕೆಜೋಳ ಮೆಕ್ಕೆಯ ಹೆಸರು ಹೇಳಿಕೊಂಡು ತಿರುಗುತ್ತದೆ.

ಸಿಹಿಗುಂಬಳದ ಹೆಸರು ಮಾತ್ರ ಪ್ರಾಂತ ಪ್ರಾಂತಕ್ಕೆ ಬೇರೆ ಬೇರೆ ಕಥೆ ಹೇಳುತ್ತದೆ, ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿಸಿದ್ದೂ ಅದೇ. ತಮಿಳರು ಇದನ್ನು ಪರಂಗಿಕ್ಕಾಯಿ ಎನ್ನುತ್ತಾರೆ. ಪರಂಗಿ ಎಂದರೆ ಫರಂಗಿ, ಬಿಳಿಯ ಪರದೇಶಿ. ಇದಕ್ಕಿಂತ ಸ್ಪಷ್ಟವಾದ ಜಾತಕ ಬೇಕೆ? ಮಲಯಾಳದಲ್ಲಿ ಇದು ಮತ್ತಂಗ. ಕುಂಬಳಂ ಎಂದರೆ ಅವರಿಗೆ ಇಂದಿಗೂ ಬೂದಗುಂಬಳವೇ. ನಮ್ಮವರೇ ಆದ ದಕ್ಷಿಣ ಕನ್ನಡದವರು ಸಿಹಿಗುಂಬಳವನ್ನು ಚೀನಿಕಾಯಿ ಎಂದು ಕರೆದು, ಕುಂಬಳಕಾಯಿ ಎಂಬ ಹೆಸರನ್ನು ಅದರ ಹಳೆಯ ಒಡೆಯನಿಗೇ ಬಿಟ್ಟುಕೊಟ್ಟಿದ್ದಾರೆ. ಅವರ ಕುಂಬಳಕಾಯಿಯ ಮಜ್ಜಿಗೆಹುಳಿಯಲ್ಲಿ ತೇಲುವುದು ಬಿಳಿಯ ಹೋಳು. ಚೀನಿ ಎಂದ ಮಾತ್ರಕ್ಕೆ ಚೀಣದಿಂದ ಬಂದಿತೆಂದಲ್ಲ. ಕಡಲ ಮೇಲಿನಿಂದ ಬಂದದ್ದಕ್ಕೆ ಅಂಥದೊಂದು ಹೆಸರು ಬೇಕಾಗಿತ್ತು, ಅಷ್ಟೆ.

ಘಟ್ಟ ಹತ್ತಿ ಬಯಲುಸೀಮೆಗೆ ಬನ್ನಿ. ಇಲ್ಲಿ ತಲೆಕೆಳಗು. ನಮ್ಮಲ್ಲಿ ಕುಂಬಳವೆಂದರೆ ಕೆಂಪಿನದು. ಹಳೆಯದಕ್ಕೆ 'ಬೂದ' ಎಂಬ ವಿಶೇಷಣ ಹಚ್ಚಬೇಕು. ತೆಲುಗರದೂ ಇದೇ ಪಾಡು: ಗುಮ್ಮಡಿ ಎಂದರೆ ಕೆಂಪಿನದು, ಬೂಡಿದ ಗುಮ್ಮಡಿ ಎಂದರೆ ಬೂದಿಯದು. ಕೃಷ್ಣೆಯ ಆಚೆಯ ಮರಾಠಿಗರು ಇನ್ನೊಂದು ಉಪಾಯ ಮಾಡಿದರು. ಅವರ ಭೋಪಳಾ ಎಂದರೆ ಸೋರೆಯ ಮನೆತನದ ಹೆಸರು. ಹೊಸಬನನ್ನು 'ಲಾಲ ಭೋಪಳಾ' ಎಂದು ಆ ಮನೆತನಕ್ಕೆ ದತ್ತು ತೆಗೆದುಕೊಂಡು, ಬೂದಗುಂಬಳಕ್ಕೆ ಕೋಹಳಾ ಎಂಬ ಅದರ ಸ್ವಂತ ಹೆಸರನ್ನು ಉಳಿಸಿದರು. ಸಭ್ಯರು.

ಈ ವ್ಯತ್ಯಾಸ ಏಕೆ? ನನಗೆ ತೋರುವುದು ಇಷ್ಟು. ಕಡಲ ದಂಡೆಯವರು ಹಡಗನ್ನು ಕಣ್ಣಾರೆ ಕಂಡರು. ಕಾಯಿ ಅದರಿಂದ ಇಳಿದದ್ದನ್ನೂ ಕಂಡರು. ಪರದೇಶಿಗೆ ಪರದೇಶಿಯ ಹೆಸರಿಟ್ಟರು. ಘಟ್ಟದ ಮೇಲೆ ಹಡಗು ಕಾಣುವುದಿಲ್ಲ. ಬೀಜವು ಹೇರೆತ್ತಿನ ಮೇಲೆ, ಲಮಾಣಿಯ ಗಂಟಿನಲ್ಲಿ, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಸೆರಗಿನ ತುದಿಯಲ್ಲಿ ಊರಿಂದೂರಿಗೆ ದಾಟುತ್ತ ಎರಿಯ ನಾಡಿಗೆ ಬರುವಷ್ಟರಲ್ಲಿ ಅದರ ಮೇಲಿನ ಉಪ್ಪುನೀರಿನ ವಾಸನೆ ಪೂರ್ತಿ ಹೋಗಿತ್ತು. ಬಿತ್ತಿದರೆ ಕುಂಬಳದಂತೆಯೇ ಹಬ್ಬಿತು, ಕುಂಬಳದಂತೆಯೇ ಹಳದಿ ಹೂ ಬಿಟ್ಟಿತು, ಕುಂಬಳದಷ್ಟೇ ದೊಡ್ಡ ಕಾಯಿ ಕೊಟ್ಟಿತು. ನೋಡಿದ ಹೆಂಗಸು "ಇದೂ ಒಂದು ಕುಂಬಳ" ಎಂದಳು. ಎರಡು ಮೂರು ತಲೆಮಾರಿಗೆ 'ಇದೂ ಒಂದು' ಎಂಬುದು ಉದುರಿ ಕುಂಬಳ ಮಾತ್ರ ಉಳಿಯಿತು. ಮೆಣಸಿನಕಾಯಿಯ ಕಥೆಯೂ ಇದೇ ಅಲ್ಲವೆ? ಅದೂ ಅಮೆರಿಕದ್ದೇ, ನಮ್ಮ ಮೆಣಸಿನ ಹೆಸರನ್ನು ಎಷ್ಟು ಭದ್ರವಾಗಿ ಹಿಡಿದುಕೊಂಡಿತೆಂದರೆ, ನಿಜವಾದ ಮೆಣಸು ಈಗ 'ಕರಿ' ಎಂದೋ 'ಕಾಳು' ಎಂದೋ ಹೇಳಿಕೊಂಡು ಗುರುತು ಕೊಡಬೇಕಾಗಿದೆ. ಆದರೆ ಮೆಣಸಿನಕಾಯಿ ಪೇಟೆಯ ಸರಕು. ಅದಕ್ಕೆ ದಲಾಲರುಂಟು, ಧಾರಣೆಯುಂಟು, ಬ್ಯಾಡಗಿಯಂಥ ಊರುಗಳು ಅದರ ಹೆಸರಿನಿಂದಲೇ ದೊಡ್ಡವಾದವು. ಕುಂಬಳದ ಬಾಳು ನಡೆದದ್ದೆಲ್ಲ ಹಿತ್ತಲಿನಲ್ಲಿ.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಅದು ಇತಿಹಾಸವೂ ಅಲ್ಲವೆಂದೇ ನಮ್ಮ ಇತಿಹಾಸಕಾರರು ತಿಳಿದಂತಿದೆ. ಈ ಮೂರು ಊರುಗಳಿಗೆ ಇತಿಹಾಸವೇನೂ ಕಡಿಮೆ ಇಲ್ಲ. ೧೭೮೫ರಲ್ಲಿ ಟಿಪ್ಪುವಿನ ದಂಡು ನರಗುಂದಕ್ಕೆ ಮುತ್ತಿಗೆ ಹಾಕಿತು. ಅದರಿಂದ ಹೊತ್ತಿದ ಮರಾಠ ಮೈಸೂರು ಯುದ್ಧ ೧೭೮೭ರಲ್ಲಿ ಗಜೇಂದ್ರಗಡದ ಒಪ್ಪಂದದಲ್ಲಿ ಮುಗಿಯಿತು. ೧೮೫೮ರಲ್ಲಿ ನರಗುಂದದ ಬಾಬಾಸಾಹೇಬರು ಬಂಡೆದ್ದು ಬೆಳಗಾವಿಯಲ್ಲಿ ಗಲ್ಲಿಗೇರಿದರು. ಶಾಲೆಯ ಹುಡುಗರಿಗೂ ಇದು ಗೊತ್ತು. ಸೂಡಿ, ನರೇಗಲ್ಲುಗಳ ಕಲ್ಲುಗಳನ್ನು ಓದಿದರೆ ಮತ್ತರುಗಳ ಲೆಕ್ಕದಲ್ಲಿ ಭೂಮಿ ದಾನ ಕೊಟ್ಟದ್ದು, ಹೂದೋಟ ಬಿಟ್ಟದ್ದು, ನಂದಾದೀವಿಗೆಗೆ ಎಣ್ಣೆ ಕೊಟ್ಟದ್ದು ಮುಂತಾದವು ಸಿಗುತ್ತವೆ. ಶಾಸನ ಹುಟ್ಟುವುದು ದಾನವಿದ್ದಲ್ಲಿ ಅಥವಾ ತೆರಿಗೆಯಿದ್ದಲ್ಲಿ. ಗುಡಿಗೆ ಉಂಬಳಿಯಿತ್ತು, ಕುಂಬಳಕ್ಕೆ ಇರಲಿಲ್ಲ. ಮನೆಯ ಹಿಂದೆ, ತಿಪ್ಪೆಯ ಅಂಚಿನಲ್ಲಿ, ಹೆಂಗಸರ ಕೈಯಲ್ಲಿ ಬೆಳೆದು, ಮಾರದೆ ಹಂಚಿ ತಿಂದು ಮುಗಿಸುವ ಬೆಳೆಯ ಮೇಲೆ ಯಾವ ಸರಕಾರದ ಕಣ್ಣೂ ಬೀಳುವುದಿಲ್ಲ. ಆದ್ದರಿಂದ ಅದರ ದಫ್ತರವನ್ನು ಗಾದೆಯಲ್ಲಿ, ಹೆಸರಿನಲ್ಲಿ, ಒಲೆಯ ಮೇಲೆ, ಬೀಜದ ಗಂಟಿನಲ್ಲಿ ಹುಡುಕಬೇಕು.

ಆ ಹಿತ್ತಲಿನ ಮರ್ಮ ತಿಳಿಯಬೇಕಾದರೆ ನೆಲವನ್ನು ನೋಡಬೇಕು. ನರಗುಂದದ ಸುತ್ತ ಕಣ್ಣು ಹಾಯುವವರೆಗೂ ಎರಿ. ಗಜೇಂದ್ರಗಡದ ಗುಡ್ಡದ ಬುಡಕ್ಕೆ ಬಂದರೆ ಮಸಾರಿಯೂ ಕಾಣುತ್ತದೆ. ವರ್ಷದ ಮಳೆ ೬೦೦ ಮಿಲಿಮೀಟರಿನ ಆಚೆ ಈಚೆ, ಅದೂ ಹೇಳಿದ ಹಾಗೆ ಕೇಳುವುದಲ್ಲ. ಎರಿಯಲ್ಲಿ ತೋಡಿದ ಬಾವಿಯ ನೀರು ಅನೇಕ ಕಡೆ ಸವುಳು. ಜನ ಕೆರೆಯ ನೀರು ಕುಡಿದು ಬದುಕಿದರು. ತಲೆಯ ಮೇಲೆ ಹೊತ್ತು ತಂದ ನೀರನ್ನು ಕಾಯಿಪಲ್ಯದ ಮಡಿಗೆ ಸುರಿಯಲು ಯಾರಿಗೂ ಮನಸ್ಸು ಬಾರದು. ಆದರೆ ಮೈ ತೊಳೆದ ನೀರು, ಪಾತ್ರೆ ತಿಕ್ಕಿದ ನೀರು, ಅಕ್ಕಿ ಬೇಳೆ ತೊಳೆದ ನೀರು ಬಚ್ಚಲ ಮೋರಿಯಿಂದ ಹಿತ್ತಲಿಗೆ ಹರಿಯುತ್ತಿತ್ತು. ಆಗ ಸೀಗೆಕಾಯಿ, ಕಡಲೆಹಿಟ್ಟಿನ ಕಾಲ. ನೀರಿನಲ್ಲಿ ಬಳ್ಳಿಗೆ ಆಗದ್ದು ಏನೂ ಇರಲಿಲ್ಲ. ಮೋರಿಯ ಬಾಯಲ್ಲಿ ಒಂದು ಬಾಳೆ, ಅದರಾಚೆ ತಿಪ್ಪೆ, ತಿಪ್ಪೆಯ ಮಗ್ಗುಲಿಗೆ ಕುಂಬಳ. ಬಯಲುಸೀಮೆಯ ನೀರಾವರಿ ಯೋಜನೆಗಳಲ್ಲಿ ಇದೇ ಎಲ್ಲಕ್ಕಿಂತ ಹಳೆಯದೆಂದು ನಾನು ವಿನೋದಕ್ಕೆ ಹೇಳುವುದುಂಟು, ಆದರೆ ಪೂರ್ತಿ ವಿನೋದವೂ ಅಲ್ಲ.

ಬೀಜವನ್ನು ಇಡುವ ಬಗೆಯನ್ನು ನಮ್ಮವ್ವನ ಕೈಯಲ್ಲಿ ನೋಡಿದ್ದೇನೆ. ಒಳ್ಳೆಯ ಕಾಯಿಯ ನಡುವಿನ ಬೀಜ ಆರಿಸಿ, ತೊಳೆದು, ನೆರಳಿಗೆ ಒಣಗಿಸಿ, ಬೂದಿಯಲ್ಲಿ ಹೊರಳಿಸಿ, ಹಸಿಯ ಸೆಗಣಿಯಲ್ಲಿ ಇಟ್ಟು ಗೋಡೆಗೆ ರಪ್ಪನೆ ಬಡಿಯುತ್ತಿದ್ದಳು. ಗೋಡೆಯ ಮೇಲೆ ಕುಂಬಳ, ಹೀರೆ, ಸೋರೆ, ಹಾಗಲ ಎಂದು ಸಾಲಾಗಿ ಬಿಲ್ಲೆಗಳು. ಚೀಟಿಯಿಲ್ಲ, ಗುರುತಿಲ್ಲ, ಯಾವುದು ಯಾವುದೆಂದು ಅವಳಿಗೆ ಗೊತ್ತು. ಸೆಗಣಿ ಒಣಗಿದ ಮೇಲೆ ಹುಳ ಮುಟ್ಟುವುದಿಲ್ಲ, ಇಲಿಗೆ ಎಟಕುವುದಿಲ್ಲ. ಮೃಗಶಿರ ಮಳೆ ಬಿದ್ದ ಮೇಲೆ ಬಿಲ್ಲೆ ಕಿತ್ತು, ಮುರಿದು, ಗುಣಿಗೆ ನಾಲ್ಕು ಬೀಜ ಹಾಕುವುದು. ಮೂಡಿದವುಗಳಲ್ಲಿ ಗಟ್ಟಿಯವೆರಡನ್ನು ಉಳಿಸುವುದು. ಬೀಜದೊಂದಿಗೆ ಗೊಬ್ಬರವೂ ಗುಣಿಗೆ ಬಿತ್ತು ನೋಡಿ.

ಬಳ್ಳಿ ಹಬ್ಬಿದ ಮೇಲೆ ಹೊಸಬರಿಗೆ ಒಂದು ಗಾಬರಿ. ಮೊದಲು ಬರುವ ಹೂಗಳೆಲ್ಲ ಉದುರುತ್ತವೆ; ಒಂದೂ ಕಾಯಿ ಕಟ್ಟುವುದಿಲ್ಲ. ಅವು ಗಂಡು ಹೂಗಳು, ಉದ್ದ ತೊಟ್ಟಿನವು. ವಾರ ಹತ್ತು ದಿನ ಬಿಟ್ಟು ಹೆಣ್ಣು ಹೂ ಬರುತ್ತದೆ. ಅದರ ಕೆಳಗೆ ಗೋಲಿಯಷ್ಟು ಮಿಡಿ ಮೊದಲೇ ಇರುತ್ತದೆ. ಹೂ ಅರಳುವುದು ನಸುಕಿನಲ್ಲಿ; ಹೊತ್ತೇರುವಷ್ಟರಲ್ಲಿ ಮುಚ್ಚಿಕೊಳ್ಳುತ್ತದೆ. ಅಷ್ಟರೊಳಗೆ ಜೇನು ಬಂದು ಗಂಡಿನ ಪರಾಗವನ್ನು ಹೆಣ್ಣಿಗೆ ಮುಟ್ಟಿಸಬೇಕು. ಮುಟ್ಟಿಸದಿದ್ದರೆ ಮಿಡಿ ಎರಡು ಮೂರು ದಿನಕ್ಕೆ ಹಳದಿಯಾಗಿ, ತುದಿಯಿಂದ ಕೊಳೆತು ಬೀಳುತ್ತದೆ. ಜೇನು ಕಾಣದ ಹಿತ್ತಲಿನವರು ಗಂಡು ಹೂವಿನ ಎಸಳು ಕಿತ್ತು, ನಡುವಿನ ದಿಂಡನ್ನು ಹೆಣ್ಣು ಹೂವಿಗೆ ಮೆಲ್ಲನೆ ಒರಸಿದರೆ ಕೆಲಸವಾಗುತ್ತದೆ. ಬೆಳಗಿನ ಚಹಕ್ಕೆ ಮೊದಲು ಮಾಡಬೇಕು, ಅಷ್ಟೆ.

ಹಿರಿಯರು ಈ ಮಿಡಿ ಬೀಳುವುದಕ್ಕೆ ಬೇರೆ ಕಾರಣ ಹೇಳುತ್ತಿದ್ದರು. ಕುಂಬಳದ ಮಿಡಿಗೆ ಬೆರಳು ತೋರಿಸಬಾರದು, ತೋರಿಸಿದರೆ ಕೊಳೆಯುತ್ತದೆ. ಮುಷ್ಟಿ ಕಟ್ಟಿ ತೋರಿಸಬೇಕು. ಇದು ನಮ್ಮ ಊರಿನ ನಂಬಿಕೆ ಮಾತ್ರವೆಂದು ನಾನು ಬಹಳ ದಿನ ತಿಳಿದಿದ್ದೆ. ಆದರೆ ೧೬ನೆಯ ಶತಮಾನದ ತುಲಸೀದಾಸರು 'ರಾಮಚರಿತಮಾನಸ'ದಲ್ಲಿ ಲಕ್ಷ್ಮಣನು ಪರಶುರಾಮನನ್ನು ಕೆಣಕುವ ಕಡೆ, ತೋರುಬೆರಳಿಗೆ ಬಾಡಿಹೋಗುವ ಕುಂಬಳದ ಮಿಡಿ ತಾನಲ್ಲವೆಂದು ಅವನ ಬಾಯಲ್ಲಿ ಹೇಳಿಸಿದ್ದಾರೆ. ಕಾಶಿಯಿಂದ ರೋಣದವರೆಗೆ ಒಂದೇ ನಂಬಿಕೆ. ಬೂದಗುಂಬಳದ ಸುತ್ತ ಹುಟ್ಟಿದ ಈ ಭಯವನ್ನೂ ಹೊಸಬ ಹೆಸರಿನ ಜೊತೆಗೇ ಆಸ್ತಿಯಾಗಿ ಪಡೆದ.

ಕಾಯಿ ಬಲಿತಿತೆಂಬುದಕ್ಕೆ ತೊಟ್ಟೇ ಗುರುತು: ಅದು ಒಣಗಿ ಬೆಂಡಿನಂತಾಗಬೇಕು, ಸಿಪ್ಪೆಗೆ ಉಗುರು ಇಳಿಯಬಾರದು. ಬಿತ್ತಿ ನಾಲ್ಕು ತಿಂಗಳಿಗೆ, ಅಂದರೆ ಮಾನವಮಿಯಿಂದ ದೀಪಾವಳಿಯ ನಡುವೆ, ತೊಟ್ಟು ಸಹಿತ ಕೊಯ್ಯುತ್ತಾರೆ. ತೊಟ್ಟು ಮುರಿದ ಕಾಯಿ ಬೇಗ ಕೆಡುತ್ತದೆ, ಅದನ್ನು ಮೊದಲು ತಿನ್ನಬೇಕು. ಉಳಿದದ್ದನ್ನು ಹುಲ್ಲಿನ ಮೇಲೆ ಬಿಡಿಬಿಡಿಯಾಗಿಯೋ ನೆಲುವಿನಲ್ಲಿಯೋ ಇಟ್ಟರೆ ಸಂಕ್ರಾಂತಿ ದಾಟುತ್ತದೆ. ಕೆಲವು ಕಾಯಿ ಯುಗಾದಿಯನ್ನೂ ಕಾಣುತ್ತವೆ. ಬಾವಿ ಬತ್ತಿ, ಸೊಪ್ಪು ಸೊದೆ ಸಿಗದ ಮಾಗಿಯ ಕೊನೆಗೆ ಮನೆಯಲ್ಲಿ ಒಂದು ಹಸಿಯ ಕಾಯಿ ಇರುವುದೆಂದರೆ ಸಣ್ಣ ಮಾತಲ್ಲ. ಬರದ ನಾಡು ಈ ಪರದೇಶಿಯನ್ನು ಮಾತಿಲ್ಲದೆ ಒಳಗೆ ಕರೆದುಕೊಂಡದ್ದಕ್ಕೆ ನನ್ನ ಮಟ್ಟಿಗೆ ಇದೇ ದೊಡ್ಡ ಕಾರಣ.

ಅಡಿಗೆಯಲ್ಲಿ ಹಳಬನೂ ಹೊಸಬನೂ ಆಸ್ತಿ ಹಂಚಿಕೊಂಡಿರುವುದನ್ನು ನೋಡಿದರೆ ಅಣ್ಣತಮ್ಮಂದಿರ ಪಾಲುಪತ್ರ ನೆನಪಾಗುತ್ತದೆ. ಸಂಡಿಗೆ, ಕಾಶಿಹಲ್ವ ಬೂದಗುಂಬಳದ ಪಾಲು. ಆಯುಧಪೂಜೆಯ ದಿನ ಗಾಡಿಯ ಮುಂದೆ ಒಡೆಯುವುದೂ ಹೊಸ ಮನೆಯ ಬಾಗಿಲಿಗೆ ದೃಷ್ಟಿಗೆಂದು ಕಟ್ಟುವುದೂ ಅದನ್ನೇ. ಚಲಚ್ಚಿತ್ರದವರು ಚಿತ್ರೀಕರಣ ಮುಗಿದ ದಿನ 'ಕುಂಬಳಕಾಯಿ ಒಡೆದೆವು' ಎನ್ನುವಾಗ ಹಳೆಯ ಅರ್ಥವನ್ನು ತಮಗರಿಯದೆಯೇ ಕಾಪಾಡುತ್ತಿದ್ದಾರೆ. ದಿನದ ಪಲ್ಯ, ಹುಳಿ, ಹೂವಿನ ಬಜ್ಜಿ, ಹುರಿದ ಬೀಜ ಇವೆಲ್ಲ ಹೊಸಬನ ಪಾಲು. ಅವನ ಪಾಲಿನ ಕಿರೀಟ ಗಾರಿಗೆ. ಕುಂಬಳವನ್ನು ಹೆರೆದು, ಬೆಲ್ಲ ಹಾಕಿ, ನೀರು ಸೇರಿಸದೆ ಅದರ ನೀರಿನಲ್ಲಿಯೇ ಬೇಯಿಸಿ, ಆರಿದ ಮೇಲೆ ಗೋಧಿಹಿಟ್ಟು, ಏಲಕ್ಕಿ ಕೂಡಿಸಿ ನಾದಿ, ಗಸಗಸೆ ಹಚ್ಚಿ ತಟ್ಟಿ, ಎಣ್ಣೆಯಲ್ಲಿ ಕರಿದದ್ದು. ಈ ನಾಡಿನ ಕೆಂಪು ಗೋಧಿಯ ಹಿಟ್ಟಿದ್ದರೆ ಅದರ ಬಣ್ಣವೇ ಬೇರೆ. ಅಮೆರಿಕದ ಕಾಯಿ, ನಮ್ಮ ಬೆಲ್ಲ. ಬೀಗರ ಬುತ್ತಿಯಲ್ಲಿ ಗಾರಿಗೆ ಇಲ್ಲದಿದ್ದರೆ ಇಲ್ಲಿ ಮುಖ ಸಣ್ಣದಾಗುತ್ತದೆ.

ಸೋರೆಯ ಮಾತು ಬಂದದ್ದರಿಂದ ಒಂದು ಅಡ್ಡಮಾತು. ರೋಣದಲ್ಲಿ ೧೯೨೨ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರ ಹಿಂದೆ ಜೀವಮಾನವಿಡೀ ಮಿಡಿದ ತಂಬೂರಿಯ ಬುರುಡೆಯನ್ನು ನಮ್ಮ ಜನ ಕುಂಬಳವೆಂದೇ ತಿಳಿಯುತ್ತಾರೆ. ಅದು ಸೋರೆಯ ಜಾತಿಯ ಬುರುಡೆ; ಆಫ್ರಿಕದಲ್ಲಿ ಹುಟ್ಟಿ, ಸಾವಿರಾರು ವರ್ಷಗಳ ಹಿಂದೆಯೇ ನಮ್ಮ ನಾಡಿಗೆ ಬಂದು ಸೇರಿದ್ದು. ಒಟ್ಟಿನಲ್ಲಿ ನಮ್ಮ ಹಿತ್ತಲಿನ ಹಂದರದ ಮೇಲೆ ಮೂರು ಖಂಡಗಳು ಒಂದರ ಮೇಲೊಂದು ಹಬ್ಬಿ ಕುಳಿತಿವೆ.

ಕೆಲವು ವರ್ಷಗಳ ಹಿಂದೆ ಗಜೇಂದ್ರಗಡದ ಸಂತೆಯಲ್ಲಿ ಒಬ್ಬ ಮುದುಕಿಯ ಮುಂದೆ ಎರಡೂ ಜಾತಿಯ ಕಾಯಿಗಳಿದ್ದವು. ಇಂಥ ಅವಕಾಶ ಬಿಡಬಾರದೆಂದು ಕುಳಿತೆ.

"ಇದಕ್ಕೇನಂತೀಯವ್ವಾ?"

"ಕುಂಬಳಕಾಯಿ. ಇನ್ನೇನಂತಾರ ತಮ್ಮಾ?"

"ಮತ್ತ ಆ ಬೆಳ್ಳಗಿರೂದು?"

"ಅದು ಬೂದಗುಂಬಳ."

"ಎರಡರಾಗ ನಮ್ಮ ನಾಡಿಗೆ ಮೊದಲ ಬಂದಿದ್ದು ಯಾವುದಿರಬೇಕು?"

ಪ್ಯಾಟಿಯವರಿಗೆ ಬೇರೆ ಕೆಲಸವಿಲ್ಲವೆಂಬಂತೆ ಆಕೆ ನನ್ನನ್ನು ನೋಡಿದಳು. "ಇದು ಮನೀಮಗಳು. ದಿನಾ ಒಲೀ ಮ್ಯಾಲೆ ಇರತೈತಿ. ಅದು ಬೀಗರಿದ್ದಂಗ, ಹಬ್ಬ ಹುಣ್ಣಿವಿಗೊಮ್ಮೆ ಬರತೈತಿ. ತೂಗಲೇನು?"

ಸಾವಿರ ವರ್ಷ ಇದ್ದವರು ಬೀಗರಾದರು, ನಿನ್ನೆ ಮೊನ್ನೆ ಬಂದದ್ದು ಮನೆಮಗಳಾಯಿತು. ನಾನು ತೂಗಿಸಿಕೊಂಡೆ.

ಮನೆಮಗಳ ಈಗಿನ ಸ್ಥಿತಿ ಅಷ್ಟು ಸುಖದ್ದಲ್ಲ. ಮಲಪ್ರಭೆಗೆ ನವಿಲುತೀರ್ಥದಲ್ಲಿ ಕಟ್ಟಿದ ಅಣೆಕಟ್ಟು ೧೯೭೨ರ ಹೊತ್ತಿಗೆ ಮುಗಿದು, ಕಾಲುವೆ ನರಗುಂದದ ಎರಿಗೆ ಬಂತು. ನೀರಿನ ಜೊತೆಗೆ ಅಭಿವೃದ್ಧಿ ಕರವೂ ಬಂತು. ಆ ಕರದ ವಿರುದ್ಧ ಎದ್ದ ರೈತರ ಮೇಲೆ ೧೯೮೦ರ ಜುಲೈ ೨೧ರಂದು ಗುಂಡು ಹಾರಿತು. ಹೊಲದ ನೀರಿಗೆ ಹೀಗೆ ರಕ್ತದ ಇತಿಹಾಸವಿದೆ, ಇರಬೇಕಾದದ್ದೇ. ಬಚ್ಚಲ ನೀರಿಗೆ ಯಾರೂ ಕರ ಹಾಕಲಿಲ್ಲ, ಯಾರೂ ಅದಕ್ಕಾಗಿ ಬಡಿದಾಡಲಿಲ್ಲ. ಸದ್ದಿಲ್ಲದೆ ಅದು ಚರಂಡಿಯ ಪಾಲಾಯಿತು. ಮೋರಿಯ ಬಾಯಿಗೆ ಸಿಮೆಂಟು ಬಂತು, ತಿಪ್ಪೆ ಊರ ಹೊರಗೆ ಹೋಯಿತು, ಹಿತ್ತಲು ಅಣ್ಣತಮ್ಮಂದಿರ ಪಾಲಿನಲ್ಲಿ ಇನ್ನೊಂದು ಮನೆಯಾಯಿತು. ಚರಂಡಿ ಬೇಡವೆನ್ನುವ ಮೂರ್ಖ ನಾನಲ್ಲ. ಸೊಳ್ಳೆ ಕಚ್ಚಿಸಿಕೊಂಡು ಬೆಳೆದವನು. ಆದರೆ ಗೋಡೆಯ ಮೇಲಿನ ಸೆಗಣಿಯ ಬಿಲ್ಲೆಗಳು ಮಾಯವಾದದ್ದರ ಲೆಕ್ಕವನ್ನು ಯಾರಾದರೂ ಇಡಬೇಕಾಗಿತ್ತು.

ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಅರ್ಕಾ ಚಂದನ, ಅರ್ಕಾ ಸೂರ್ಯಮುಖಿ ಎಂಬ ಒಳ್ಳೆಯ ತಳಿಗಳನ್ನು ಕೊಟ್ಟಿದ್ದಾರೆ. ಮೊದಲಿನದು ಮೊಶ್ಚಾಟ, ಎರಡನೆಯದು ಮ್ಯಾಕ್ಸಿಮ. ಸಣ್ಣ ಮನೆಗೆ ಒಪ್ಪುವ ಸಣ್ಣ ಕಾಯಿ ಬೇಕಾದವರಿಗೆ ಸೂರ್ಯಮುಖಿ ಅನುಕೂಲ. ಇವುಗಳ ಬೀಜವನ್ನು ಮನೆಯಲ್ಲಿಯೇ ಇಟ್ಟು ಮರುವರ್ಷ ಬಿತ್ತಬಹುದು. ಪೇಟೆಯ ಹೈಬ್ರಿಡ್ ಪೊಟ್ಟಣದ ಮಾತು ಬೇರೆ. ಅದರ ಮರುಬೀಜ ತಾಯಿಯಂತೆ ಬರುವುದಿಲ್ಲ; ಮತ್ತೆ ಅಂಗಡಿಗೆ ಹೋಗಬೇಕು. ನಾಲ್ಕು ನೂರು ವರ್ಷ ಒಂದು ರೂಪಾಯಿಯ ವ್ಯಾಪಾರವಿಲ್ಲದೆ ಕೈಯಿಂದ ಕೈಗೆ ನಡೆದು ಬಂದದ್ದು ಪೊಟ್ಟಣದಲ್ಲಿ ನಿಂತುಹೋಗುತ್ತದೆ.

ಬೀಜ ಇಡಬೇಕೆನ್ನುವವರು ಒಂದು ಎಚ್ಚರ ವಹಿಸಬೇಕು. ಒಂದೇ ಜಾತಿಯ ಎರಡು ತಳಿ ಅಕ್ಕಪಕ್ಕದಲ್ಲಿದ್ದರೆ ಜೇನು ಬೆರಕೆ ಮಾಡುತ್ತದೆ; ಈ ವರ್ಷದ ಕಾಯಿಯ ರುಚಿಯಲ್ಲಿ ಅದು ಕಾಣದು, ಮುಂದಿನ ವರ್ಷದ ಬಳ್ಳಿಯಲ್ಲಿ ಕಾಣುತ್ತದೆ. ಹೆಣ್ಣು ಹೂ ಅರಳುವ ಹಿಂದಿನ ಸಂಜೆ ಅದರ ಬಾಯಿಗೆ ದಾರ ಸುತ್ತಿ, ಅದೇ ತಳಿಯ ಒಂದು ಗಂಡು ಹೂವಿಗೂ ಸುತ್ತಿ, ನಸುಕಿನಲ್ಲಿ ಬಿಚ್ಚಿ ಕೈಯಿಂದ ಪರಾಗ ಮುಟ್ಟಿಸಿ, ಮತ್ತೆ ದಾರ ಕಟ್ಟಿ, ಆ ಕಾಯಿಯ ತೊಟ್ಟಿಗೊಂದು ಬಟ್ಟೆಯ ಚೂರು ಬಿಗಿದರೆ ಸಾಕು. ಬೂದಗುಂಬಳ ಮಗ್ಗುಲಲ್ಲೇ ಹಬ್ಬಿದ್ದರೂ ಚಿಂತೆಯಿಲ್ಲ. ಹೆಸರು ಒಂದಾದರೂ ಅವೆರಡಕ್ಕೆ ಬೆರಕೆಯಾಗುವುದಿಲ್ಲ.